ಬಸುರಿಯ ಪಾಲು

ನಮ್ಮತ್ತೆ ಸಣ್ಣತಾಯಮ್ಮ ಕೆಂಡವನ್ನು ಬರಿಗೈಯಲ್ಲಿ ಎತ್ತುತ್ತಿದ್ದರು. ಇಕ್ಕಳ ಒಲೆಯ ಪಕ್ಕದಲ್ಲೇ ಬಿದ್ದಿರುತ್ತಿತ್ತು, ಅದನ್ನು ಮುಟ್ಟಿದವರಲ್ಲ. ಒಲೆಯೊಳಗೆ ಕೈ ಹಾಕಿ ಒಂದು ಕೆಂಡ ತೆಗೆದು, ಈ ಅಂಗೈಯಿಂದ ಆ ಅಂಗೈಗೆ ಹಾರಿಸಿಕೊಳ್ಳುತ್ತಾ, ಬಾಗಿಲಲ್ಲಿ ನಿಂತವರ ಜೊತೆ ಮಾತೂ ನಿಲ್ಲಿಸದೆ ತಂದು ಧೂಪದ ಬಟ್ಟಲಿಗೆ ಹಾಕುವರು. ಬಾಬುರಾಯನಕೊಪ್ಪಲಿನಿಂದ ಬೂಕನಕೆರೆಗೆ ಮದುವೆಯಾಗಿ ಬಂದ ವಾರದಲ್ಲೇ ಇದನ್ನು ನೋಡಿ ನಾನು ಕಿರುಚಿಕೊಂಡಿದ್ದೆ. "ಯಾಕವ್ವ ಅಂಗ್ ಕಿರುಚ್ಕತೀಯಾ? ಬೆಂಕಿ ನಂಗೇನ್ ಒಸದಾ?" ಎಂದು ನಕ್ಕಿದ್ದರು. ಈ ಹೆಂಗಸಿಗೆ ಹೆದರಿಕೆ ಅನ್ನುವುದೇ ಇಲ್ಲ ಅಂತ ಆವತ್ತು ಅಂದುಕೊಂಡೆ.

ಅತ್ತೆ ನಾಗಮಂಗಲದ ಕಡೆಯವರು. ಗಂಟಲು ದೊಡ್ಡದು. ಅಲ್ಲಿರುವ ತಮ್ಮನ ಜೊತೆ ಮಾತಾಡುವುದಕ್ಕೆ ಅವ್ವನಿಗೆ ಫೋನೇ ಬೇಕಾಗಿಲ್ಲ ಎಂದು ನನ್ನ ಗಂಡ ಮಹೇಶ ರೇಗಿಸುವನು. ನಾನು ಬಂದ ಮೇಲೆ ಆ ಮನೆಯಲ್ಲಿ ಮಗನ ತಟ್ಟೆಯ ಮುದ್ದೆ ಸಣ್ಣದಾಯಿತು, ನನ್ನದು ದೊಡ್ಡದಾಯಿತು. ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆದು ಮನೆಗೆ ಬರುವಷ್ಟರಲ್ಲಿ ಬಿಸಿನೀರು ಕಾದಿರುತ್ತಿತ್ತು. ಸೊಸೆಯನ್ನು ಹೀಗೆ ಹಾಳುಮಾಡಬೇಡ ಎಂದು ಯಾರಾದರೂ ಅಂದರೆ, "ನನ್ನನ್ನ ಯಾರೂ ಆಳುಮಾಡ್ನಿಲ್ಲ, ಇವ್ಳಾದ್ರೂ ಆಳಾಗ್ಲಿ ಬುಡಿ" ಅನ್ನುವರು. ನಾನು ಬಸುರಿಯಾದ ಮೇಲಂತೂ ಕೇಳಬೇಡಿ. ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದರೂ ಬೈಗುಳ.

ನಮ್ಮ ಬೀದಿಯಲ್ಲಿ ಹತ್ತು ಹನ್ನೆರಡು ಮನೆಯವರು ಸೇರಿ ಕುರಿ ಕೊಯ್ದು, ಬಾಡನ್ನು ಎಲೆಯ ಮೇಲೆ ಸಮಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವ ರೂಢಿ ಇದೆ. ಒಂದು ಮೂಳೆ ಆಚೀಚೆ ಆದರೂ ಜಗಳ. ಆದರೆ ಈಲಿ, ಅಂದರೆ ಕುರಿಯ ಲಿವರು, ಗುಡ್ಡೆಗೆ ಬೀಳುತ್ತಿರಲಿಲ್ಲ. ಬೀದಿಯಲ್ಲಿ ಯಾವ ಮನೆಯಲ್ಲಿ ಬಸುರಿ ಇದ್ದಾಳೋ ಅದು ಆ ಮನೆಯ ಪಾಲು. ಇದರಲ್ಲಿ ಯಾರೂ ತಕರಾರು ತೆಗೆದವರಿಲ್ಲ. ಆ ವರ್ಷ ಬಸುರಿ ನಾನು. ಅತ್ತೆ ಅದನ್ನು ಸೆರಗಿನ ಮರೆಯಲ್ಲಿ ಇಟ್ಟುಕೊಂಡು, ಗೆದ್ದು ಬಂದವರ ಹಾಗೆ ಮನೆಗೆ ಬರುವರು.

ಉಪ್ಪು ಮೆಣಸು ಸವರಿ ಕೆಂಡದ ಮೇಲೆ ಹಾಕಿ, ಎರಡೇ ಸಲ ಮಗುಚಿ ತೆಗೆಯುವರು. ಹೊರಗೆ ಕಪ್ಪು, ಒಳಗೆ ಕೆಂಪು. ಕಚ್ಚಿದರೆ ತುಟಿಯಂಚಿಗೆ ನೆತ್ತರು ಬರುತ್ತಿತ್ತು.

"ಇನ್ನೊಂಚೂರು ಬೇಯ್ಸಿ ಅತ್ತೆ."

"ಬೇಯ್ಸ್‌ಬುಟ್ರೆ ರಕ್ತ ಎಲ್ಲಾ ಬೆಂಕಿಗೋಯ್ತದೆ ಕಣವ್ವ. ಕೂಸಿಗೇನ್ ಉಳೀತದೆ? ಕಣ್ಮುಚ್ಕಂಡು ನುಂಗು."

ನುಂಗಿದೆ. ಸುಳ್ಳು ಯಾಕೆ, ರುಚಿಯಾಗಿಯೇ ಇತ್ತು. ಮೂರು ಭಾನುವಾರ ತಿಂದೆ.

ಐದನೇ ತಿಂಗಳಲ್ಲಿ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಸಣ್ಣ ಜ್ವರ, ಸುಸ್ತು. ನಾಲ್ಕು ದಿನಕ್ಕೆ ಜ್ವರ ಹೋಯಿತು, ಗಂಟು ಹೋಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ನಾನು ತೋರಿಸುತ್ತಿದ್ದ ಲೇಡಿ ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟು ತೋರಿಸಲು ಹೋದ ದಿನ ಅತ್ತೆಯೂ ಜೊತೆಗಿದ್ದರು. ಡಾಕ್ಟರು ಹಾಳೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು.

"ಟಾಕ್ಸೊಪ್ಲಾಸ್ಮೋಸಿಸ್ ಅಂತ ಒಂದು ಸೋಂಕು. ಬಸುರಿಯಾದ ಮೇಲೆ ತಗಲಿರೋ ಹಾಗೆ ಕಾಣತ್ತೆ. ತಾಯಿಗೆ ಜ್ವರದ ಥರ ಬಂದು ಹೋಗತ್ತೆ. ಮಗುಗೆ ದಾಟಿದ್ರೆ ಮಾತ್ರ ಕಣ್ಣಿಗೆ, ಮಿದುಳಿಗೆ ತೊಂದರೆ. ಬೆಕ್ಕಿನಿಂದ ಹರಡತ್ತೆ ಇದು, ಮನೇಲಿ ಬೆಕ್ಕು ಇದೆಯಾ?"

ನಾನು ಕುರ್ಚಿ ಹಿಡಿದುಕೊಂಡೆ. ಉತ್ತರ ಕೊಟ್ಟವರು ಅತ್ತೆ.

"ನಮ್ಮನೇಲಿಲ್ಲ ಮೇಡಂ. ಪಕ್ಕದ್ಮನೆ ಬೆಕ್ಕು ನಮ್ಮಟ್ಟೀಲೇ ಬಿದ್ದಿರ್ತದೆ. ಇವತ್ತೇ ಓಡಿಸ್ತೀನಿ, ನೋಡ್ತಾ ಇರಿ."

"ಸೊಪ್ಪು ತರಕಾರಿ ತೊಳೆದು ತಿಂತೀರಾ? ಮಾಂಸ ಸರಿಯಾಗಿ ಬೇಯಿಸ್ತೀರಾ? ಅರೆಬೆಂದ ಮಾಂಸದಿಂದಲೂ ಬರತ್ತೆ ಇದು."

ಅತ್ತೆ ಎದೆಯುಬ್ಬಿಸಿದರು. ಸೊಸೆಗಾಗಿ ತಾನು ಮಾಡಿದ್ದನ್ನು ಹೇಳಿಕೊಳ್ಳಲು ಕೊನೆಗೂ ಒಬ್ಬರು ಕೇಳಿದರಲ್ಲ ಎಂಬ ಸಂತೋಷ. "ಬಾಡು ಬುಡಿ, ಅದು ಬೆಂದೇ ಇರ್ತದೆ. ಈಲಿ ಮಾತ್ರ ನಾನೇ ಕೈಯಾರ ವಸಿ ಕೆಂಡಕ್ಕೆ ತೋರ್ಸಿ ಕೊಡ್ತೀನಿ. ಒಳಗೆ ಅಸಿರಕ್ತ ಅಂಗೇ ಇರ್ಬೇಕು, ಅದೇ ಕೂಸಿಗೆ ಸಕ್ತಿ..."

ಡಾಕ್ಟರ ಪೆನ್ನು ನಿಂತಿತು. ಅತ್ತೆಯ ಮಾತೂ ಅಲ್ಲೇ ನಿಂತಿತು. ಇದರಿಂದಲೇ ಬಂತು ಅಂತ ಖಚಿತವಾಗಿ ಹೇಳುವುದಕ್ಕಾಗುವುದಿಲ್ಲ, ಮಾತ್ರೆ ಶುರುಮಾಡೋಣ, ಮೈಸೂರಲ್ಲಿ ದೊಡ್ಡ ಸ್ಕ್ಯಾನ್ ಮಾಡಿಸೋಣ ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿದರು. ನನಗೆ ಕೇಳಿಸಿದ್ದು ಕಣ್ಣು, ಮಿದುಳು ಎಂಬ ಎರಡೇ ಮಾತು.

ಬಸ್ಸಿನಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಬೇಡ ಬೇಡ ಅಂದರೂ ತಿನ್ನಿಸಿದಿರಿ, ನನ್ನ ಮಗೂನ ನೀವೇ ತೆಗೆದಿರಿ, ಇನ್ನು ಮೇಲೆ ನನ್ನ ತಟ್ಟೆ ಮುಟ್ಟಬೇಡಿ ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಪಾಂಡವಪುರ ದಾಟಿದ ಮೇಲೆ ಅತ್ತೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಮಯೇಸನ್ಕಿಂತ ಮುಂಚೆ ನಂಗೊಂದು ಎಣ್ಣುಕೂಸು ಉಟ್ಟಿತ್ತು. ತಲೆ ದಪ್ಪ. ಎರಡೂ ಕಣ್ಣು ಕಾಣ್ತಿರ್ನಿಲ್ಲ. ಎರಡೂವರೆ ವರ್ಸ ಇತ್ತು, ಓಯ್ತು."

ನಾನು ದಂಗಾದೆ. ಆ ಮನೆಯಲ್ಲಿ ಮೂರು ವರ್ಷ ಇದ್ದವಳು ನಾನು, ಒಂದು ದಿನವೂ ಕೇಳಿದ್ದಿಲ್ಲ. ಆಮೇಲೆ ವಿಚಾರಿಸಿದರೆ ಮಹೇಶನಿಗೂ ಗೊತ್ತಿರಲಿಲ್ಲ.

"ಸೂರ್ಯಂಗೆ ಗ್ರಾಣ ಇಡ್ದಿದ್ ದಿವ್ಸ ಒಲ್ದಲ್ಲಿ ಸೊಪ್ಪು ಕುಯ್ದಿದ್ದೆ. ಅದ್ಕೇ ಅಂಗಾಯ್ತು ಅಂತ ನಮ್ಮತ್ತೆ ಸಾಯಾಗಂಟ ಅಂದ್ರು. ನಾನೂ ಅದ್ನೇ ನಂಬ್ಕಂಡಿದ್ದೆ." ನನ್ನ ಕಡೆ ತಿರುಗಿ ಅಂದರು: "ಆ ಬಸುರೀಲಿ ನಂಗೆ ಈಲಿ ಸುಟ್ಟು ಕೊಟ್ಟವ್ರೂ ಅವ್ರೇಯ."

ಒಬ್ಬ ತಾಯಿ ಮೂವತ್ತೈದು ವರ್ಷ ಒಂದು ಹಿಡಿ ಸೊಪ್ಪಿಗಾಗಿ ತನ್ನನ್ನು ತಾನೇ ಬೈದುಕೊಂಡಿದ್ದಳು. ಮುಂದಿನ ಸಲ ಡಾಕ್ಟರನ್ನು ಕೇಳಿದೆ. ಇರಬಹುದು, ಇಲ್ಲದೆಯೂ ಇರಬಹುದು, ಈಗ ಯಾರಿಗೂ ಹೇಳುವುದಕ್ಕಾಗುವುದಿಲ್ಲ ಅಂದರು.

ಅತ್ತೆ ಅಷ್ಟರವರೆಗೆ ಕಾಯಲಿಲ್ಲ. ಮುಂದಿನ ಗುಡ್ಡೆ ಬಾಡಿನ ದಿನ ಸೀದಾ ಹೋಗಿ, ಎಲೆಗಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು. ಹಿಂದೆ ಓಡಿಹೋದ ನಾನು ಗೋಡೆಯ ಪಕ್ಕದಲ್ಲೇ ನಿಂತೆ.

"ಕೇಳ್ರಪ್ಪಾ, ಇನ್ಮ್ಯಾಕೆ ಬಸುರೀರಿಗೆ ಅರ್ಧಂಬರ್ಧ ಸುಟ್ಟು ತಿನ್ಸ್‌ಬ್ಯಾಡಿ. ಚೆಂದಾಗ್ ಬೇಯ್ಸಿ ಕೊಡಿ. ನಾನ್ ತಿನ್ಸ್‌ಬುಟ್ಟಿವ್ನಿ. ನನ್ ಸೊಸೆ ಒಟ್ಟೇಲಿರೋದಕ್ಕೆ ಏನಾಗೈತೋ ಗೊತ್ತಿಲ್ಲ."

"ಅಯ್, ನಾವೆಲ್ಲಾ ತಿನ್ನಿಲ್ವಾ ಸಣ್ತಾಯಿ? ನಮ್ಮಕ್ಳು ಚೆಂದಾಗಿಲ್ವಾ?" ಎಂದು ಒಬ್ಬ ಮುದುಕಿ ನಕ್ಕಳು.

"ನಂದು ಚೆಂದಾಗಿರ್ನಿಲ್ವಲ್ಲಾ," ಅಂದರು ಅತ್ತೆ.

ಆ ಕೂಸನ್ನು ನೋಡಿದ್ದ ಹಳಬರು ಕೆಲವರಿದ್ದರು. ಅವರ್ಯಾರೂ ತಲೆಯೆತ್ತಲಿಲ್ಲ. ಗುಡ್ಡೆ ಹಾಕುವವನ ಕೈಯಲ್ಲಿ ಕತ್ತಿ ಹಾಗೇ ಇತ್ತು. ಇಡೀ ಬೀದಿಯ ಎದುರು ನಿಂತು ತಪ್ಪು ನಂದು ಅನ್ನುವ ಧೈರ್ಯ ನನಗಂತೂ ಬರುತ್ತಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಇತ್ತು, ಓಡಿಹೋಗಿ ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ ಮನೆಗೆ ಬಂದೆ.

ಹೆರಿಗೆಯಾಗುವವರೆಗೂ ಮಾತ್ರೆ ನುಂಗಿದೆ. ಹೆಣ್ಣುಮಗು. ತಲೆ ಸರಿಯಾಗಿದೆ, ಕಣ್ಣೂ ಸದ್ಯಕ್ಕೆ ಸರಿಯಾಗಿದೆ, ಆದರೆ ಆಗಾಗ ತೋರಿಸುತ್ತಿರಿ ಅಂದರು. ನಾವು ಸಿಹಿ ಹಂಚಿದೆವು. ಅತ್ತೆ ಮಾತ್ರ ಸಿಹಿ ಮುಟ್ಟಲಿಲ್ಲ. ದಿನವೂ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಖದ ಮುಂದೆ ಬೆರಳಾಡಿಸುವರು. "ಎಲ್ಲಿ, ನೋಡವ್ವ ನೋಡವ್ವ" ಎಂದು ರಾಗ ಎಳೆಯುವರು. ಅಜ್ಜಿ ಮೊಮ್ಮಗಳ ಆಟ ಎಂದುಕೊಂಡು ನಾನು ಒಲೆಯ ಕಡೆ ಹೋಗುತ್ತಿದ್ದೆ.

ಮಗುವಿಗೆ ಹತ್ತು ತಿಂಗಳಾದಾಗ ಮೈಸೂರಿನ ಕಣ್ಣಿನ ಡಾಕ್ಟರು ಎಡಗಣ್ಣಿನ ಹಿಂದಿನ ಪರದೆಯಲ್ಲಿ ಒಂದು ಕಲೆ ಇದೆ ಅಂದರು. ಆ ಕಣ್ಣಿನ ದೃಷ್ಟಿ ತೀರಾ ಕಡಿಮೆ. ಬಲಗಣ್ಣು ಚೆನ್ನಾಗಿದೆ, ಬಿಡದೆ ತೋರಿಸಿದರೆ ಅದನ್ನು ಕಾಪಾಡಿಕೊಳ್ಳಬಹುದು. ಅಷ್ಟು ಹೊತ್ತಿಗೆ ಅತ್ತೆ ಎದೆನೋವು ಬಂದು ಹಾಸಿಗೆ ಹಿಡಿದಿದ್ದರು. ಅವ್ವನಿಗೆ ಹೇಳೋದು ಬೇಡ ಎಂದು ಮಹೇಶನೂ ನಾನೂ ಬಸ್ಸಿನಲ್ಲೇ ಮಾತಾಡಿಕೊಂಡೆವು.

ಮನೆಗೆ ಬಂದು ಮಗುವನ್ನು ಅವರ ಪಕ್ಕದಲ್ಲಿ ಕೂರಿಸಿ, "ಏನೂ ಇಲ್ಲವಂತೆ ಅತ್ತೆ, ಕಣ್ಣು ಚೆನ್ನಾಗಿದೆಯಂತೆ" ಅಂದೆ.

ಅತ್ತೆ ಎದ್ದು ಕೂತರು. ಒಂದು ಅಂಗೈಯಿಂದ ಮಗುವಿನ ಎಡಗಣ್ಣು ಮುಚ್ಚಿ, ಇನ್ನೊಂದು ಕೈಯ ಬೆರಳಾಡಿಸಿದರು. ಮಗು ಕೇಕೆ ಹಾಕಿ ಬೆರಳು ಹಿಡಿಯಿತು. ಆಮೇಲೆ ಬಲಗಣ್ಣು ಮುಚ್ಚಿದರು. ಬೆರಳು ಅಲ್ಲೇ ಆಡುತ್ತಿತ್ತು. ಮಗು ಅದನ್ನು ನೋಡಲಿಲ್ಲ, ಕೊಸರಾಡಿ ಅಂಗೈಯನ್ನು ತಳ್ಳಿ ಅತ್ತಿತು.

"ಮೂರು ತಿಂಗ್ಳಿಂದ ಗೊತ್ತು ಕಣವ್ವ," ಅಂದರು. "ನಿಂಗೆ ಎಂಗೇಳಾದು ಅಂತ ಸುಮ್ಕಿದ್ದೆ."

ನಾವು ಅವರಿಂದ ಮುಚ್ಚಿಟ್ಟಿದ್ದು ಒಂದು ದಿನ. ಅವರು ನಮ್ಮಿಂದ ಮುಚ್ಚಿಟ್ಟಿದ್ದು ಮೂರು ತಿಂಗಳು, ಅದೂ ಒಬ್ಬರೇ. ಮೊದಲೇ ಹೇಳಿದ್ದರೆ ಮೊದಲೇ ತೋರಿಸುತ್ತಿದ್ದೆವಲ್ಲ ಎಂಬ ಸಿಟ್ಟಿಗೆ ನಾನು ಅಳುವುದಕ್ಕೆ ಶುರುಮಾಡಿದೆ.

"ಇದಕ್ಕೆ ಒಂದಾದ್ರೂ ಉಳೀತು. ನಂದಕ್ಕೆ ಎರಡೂ ಇರ್ನಿಲ್ಲ," ಅಂದವರು ನನ್ನ ಮುಖ ನೋಡಿ ಕೇಳಿದರು: "ನನ್ ಮ್ಯಾಲೆ ಕ್ವಾಪ ಐತಾ?"

ಅವರ ಹತ್ತಿರ ಇನ್ನೊಂದು ಸುಳ್ಳು ನಡೆಯುವಂತಿರಲಿಲ್ಲ. "ಐತೆ ಅತ್ತೆ," ಅಂದೆ.

"ಇರ್ಲಿ. ಅದು ಇದ್ರೆ ನೀನು ಮರೆಯಾಕಿಲ್ಲ. ಆ ಇನ್ನೊಂದು ಕಣ್ಣ ತೋರ್ಸದ್ನ ಮಾತ್ರ ಬುಡ್ಬ್ಯಾಡ."

ನಾಲ್ಕನೇ ದಿನ ಬೆಳಿಗ್ಗೆ, ನಾನು ಡೈರಿಯಿಂದ ಬರುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದರು. ಮಗುವನ್ನು ತಪ್ಪದೆ ತೋರಿಸುತ್ತಿದ್ದೇನೆ. ಕೋಪವೂ ಹಾಗೇ ಇದೆ. ಅದನ್ನು ತೋರಿಸುವುದಕ್ಕಾದರೂ ಅವರು ಇರಬೇಕಾಗಿತ್ತು ಅನ್ನಿಸಿ ಅಳು ಬರುತ್ತದೆ.