ಮಾವನವರ ಕಣ್ಣಿನ ಬದಲಿಗೆ ಬದನೆಕಾಯಿ

ಯುದ್ಧ ಮುಗಿದ ಹೊಸತರಲ್ಲಿ ಸೈನ್ಯಕ್ಕೆ ಬೇಡವಾದ ಸಾಮಾನೆಲ್ಲ ಬ್ಲ್ಯಾಕ್‌ಪಲ್ಲಿಯ ಗುಜರಿಗೆ ಬಂದು ಬೀಳುತ್ತಿತ್ತು. ಈಗ ಅದಕ್ಕೆ ಶಿವಾಜಿನಗರ ಅನ್ನುತ್ತಾರೆ. ನಾನು ಮದುವೆಯಾಗಿ ಹಲಸೂರಿನ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ದಿನ ಸೊಪ್ಪು ತರಲು ಹೋದ ಮಾವನವರು ಹಿತ್ತಾಳೆಯ ದುರ್ಬೀನೊಂದನ್ನು ಪೆಟ್ಟಿಗೆ ಸಮೇತ ಹೆಗಲ ಮೇಲೆ ಹೊತ್ತು ಬಂದರು. ಸೊಪ್ಪು ಮರೆತಿದ್ದರು.

ಪೆಟ್ಟಿಗೆಯ ಮೂಲೆಯಲ್ಲಿ ಹಿತ್ತಾಳೆ ಬಳೆ ಕಟ್ಟಿದ ಪುಟ್ಟ ಹಸಿರು ಗಾಜೊಂದು ಸಿಕ್ಕಿತು. ಅದರ ಮೇಲೆ ಒಂದು ಅಕ್ಷರವಿಲ್ಲ, ಅಂಕಿಯಿಲ್ಲ.

"ಇದು ಸೂರ್ಯನ್ನ ನೋಡೋ ಗಾಜು," ಎಂದರು ಮಾವನವರು.

ಪಕ್ಕದ ಮನೆಯ ತಮಿಳಿನ ನಿವೃತ್ತ ಸುಬೇದಾರರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇಲ್ಲ ಸಾರ್. ಇದು ಟಾರ್ಚ್ ಗ್ಲಾಸ್ ದಾ. ಬ್ಲ್ಯಾಕೌಟ್‌ನಲ್ಲಿ ಬೆಳಕು ಕಮ್ಮಿ ಮಾಡಕ್ಕೆ ಹಾಕೋದು."

ಗಾಜಿನ ಬಳೆಗೆ ತಿರುಪು ಇತ್ತು. ಮಾವನವರು ಅದನ್ನು ದುರ್ಬೀನಿನ ಕಣ್ಣಿಡುವ ತುದಿಗೆ ಹಚ್ಚಿ ತಿರುಗಿಸಿದರೆ ಸರಾಗವಾಗಿ ಕೂತುಬಿಟ್ಟಿತು. ದುರ್ಬೀನಿನದೇ ಗಾಜೆಂದು ತೀರ್ಮಾನವಾಯಿತು, ಸುಬೇದಾರರೊಬ್ಬರನ್ನು ಬಿಟ್ಟು. ಆದರೆ ಅದು ಸೂರ್ಯನನ್ನು ನೋಡಲೋ, ಚಂದ್ರನ ಬೆಳಕು ತಗ್ಗಿಸಲೋ?

"ನೋಡಿದ್ರೆ ಗೊತ್ತಾಗತ್ತೆ," ಎಂದು ಮಾವನವರು ದುರ್ಬೀನನ್ನು ಮಹಡಿಗೆ ಸಾಗಿಸಹೊರಟರು. ಅತ್ತೆಯವರು ಮೆಟ್ಟಿಲಿಗೆ ಅಡ್ಡ ನಿಂತರು.

"ಕಣ್ಣು ಹೋದ್ರೆ ಏನ್ರೀ ಮಾಡ್ತೀರಾ?"

"ಎಡಗಣ್ಣಲ್ಲಿ ನೋಡ್ತೀನಿ ಕಣೇ. ಅದಕ್ಕೆ ಹೆಂಗೂ ಪೊರೆ ಬಂದಿದೆ."

"ಊಟಕ್ಕೆ ಕೂತಾಗ ನನ್ನ ಕಡೆ ಇರೋದು ಅದೇ ಕಣ್ಣು!"

ಕೊನೆಗೆ ಅವರ ಕಣ್ಣಿನ ಬದಲಿಗೆ ಬೇರೇನಾದರೂ ಇಡುವುದೆಂದು ರಾಜಿಯಾಯಿತು. ಸುಬೇದಾರರು ನಿಂಬೆಹಣ್ಣು ಅಂದರು. ಅದು ತೀರಾ ಹಳದಿ, ಕಣ್ಣೆಂದರೆ ಕಪ್ಪಿರಬೇಕೆಂದು ಮಾವನವರು ಒಪ್ಪಲಿಲ್ಲ. ನಾನು ಅಡುಗೆಮನೆಯಿಂದ ಒಂದು ಗುಂಡು ಬದನೆಕಾಯಿ ತಂದುಕೊಟ್ಟೆ. ಹೊಸ ಸೊಸೆಯ ಆಯ್ಕೆಯನ್ನು ಮೂವರೂ ಮೆಚ್ಚಿದರು.

ಮಹಡಿಯಲ್ಲಿ ಮಡಿಸಿದ ಹಾಸಿಗೆಯ ಮೇಲೆ ಬದನೆಕಾಯಿಯನ್ನು ಕೂರಿಸಿ, ಕಣ್ಣಿರಬೇಕಾದ ಜಾಗಕ್ಕೇ ಅದು ಬರುವಂತೆ ಹೊಂದಿಸಿದೆವು. ಮಾವನವರು ಕೊಳವೆಯ ನೆರಳು ನೋಡುತ್ತಾ, ಅದು ಆದಷ್ಟು ಚಿಕ್ಕದಾಗುವವರೆಗೆ ದುರ್ಬೀನನ್ನು ತಿರುಗಿಸಿ ಸೂರ್ಯನ ಕಡೆ ನೇರ ಮಾಡಿದರು. ನಾವೆಲ್ಲ ದೂರ ನಿಂತು, ರೋಗಿಯ ಹತ್ತಿರ ನಿಂತವರಂತೆ ಬದನೆಕಾಯಿಯನ್ನು ನೋಡಿದೆವು.

ಮೊದಲು ಸಿಪ್ಪೆಯ ಮೇಲೆ ಹಸಿರು ಚುಕ್ಕೆಯೊಂದು ಹೊಳೆಯಿತು. ಆಮೇಲೆ ಆ ಜಾಗ ಸುಕ್ಕುಗಟ್ಟಿತು. ಎಳೆಯಷ್ಟು ಹೊಗೆ ಎದ್ದು, ಎಣ್ಣೆಗಾಯಿಗೆ ಒಗ್ಗರಣೆ ಹಾಕುವ ಮುಂಚಿನ ವಾಸನೆ ಬಂತು.

"ಅಯ್ಯೋ, ನಿಮ್ಮ ಕಣ್ಣು!" ಎಂದು ಅತ್ತೆಯವರು ಕೈಯಲ್ಲಿದ್ದ ಮೊರವನ್ನು ಕೊಳವೆಯ ಬಾಯಿಗೆ ಅಡ್ಡ ಹಿಡಿದರು. ಮಾವನವರು ಪಕ್ಕದಲ್ಲೇ, ಎರಡೂ ಕಣ್ಣು ನೆಟ್ಟಗಿಟ್ಟುಕೊಂಡು ನಿಂತಿದ್ದರೂ ಅವರ ಕೈ ಎಡಗಣ್ಣಿಗೆ ಹೋಯಿತು. ಸುಬೇದಾರರು ಟೋಪಿ ತೆಗೆದರು. ನಾನು ನಗು ತಡೆಯಲಾರದೆ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಆಚೆ ಸರಿದೆ.

ಮುಸ್ಸಂಜೆಗೆ ಹುಣ್ಣಿಮೆಯ ಚಂದ್ರ ಮೇಲೆದ್ದ. ಗಾಜಿಲ್ಲದೆ ನೋಡಿದರೆ ಕಣ್ಣು ಕೋರೈಸಿ ನೀರು ಬರುತ್ತಿತ್ತು. ಗಾಜು ಹಾಕಿದ ಮೇಲೆ ಬೆಳಕು ತಣ್ಣಗಾಗಿ, ಕಲೆ, ಕುಳಿ ಎಲ್ಲ ನಿಚ್ಚಳವಾದವು. ಪಕ್ಕದ ನಕ್ಷತ್ರಕ್ಕೆ ತಿರುಗಿಸಿದರೆ ಏನೂ ಕಾಣಲಿಲ್ಲ.

"ಚಂದ್ರನ ಗಾಜು," ಎಂದರು ಮಾವನವರು. ಅವರ ದನಿಯಲ್ಲಿ ಸ್ವಲ್ಪ ಬೇಸರವಿತ್ತು.

"ಟಾರ್ಚ್ ಗ್ಲಾಸ್ ಹಾಕಿದ್ರೂ ಹಿಂಗೇ ಕಾಣತ್ತೆ ಸಾರ್," ಎಂದರು ಸುಬೇದಾರರು. ಯಾರ ಮನೆಯಲ್ಲೂ ಟಾರ್ಚ್ ಗಾಜು ಇರಲಿಲ್ಲವಾದ್ದರಿಂದ ಅದನ್ನು ಅಲ್ಲಗಳೆಯಲು ನಮಗಾಗಲಿಲ್ಲ.

ಅತ್ತೆಯವರು ಮಾತ್ರ ಒಂದು ಕಣ್ಣು ಮುಚ್ಚಿ, ಸೆರಗು ಬಿಗಿಹಿಡಿದು ಬಗ್ಗಿದವರು ಏಳಲೇ ಇಲ್ಲ. "ಹಸಿರು ಪೆಸರಟ್ಟು ದೋಸೆ ಇದ್ದಂಗಿದೆ. ತೂತುಗೀತು ಎಲ್ಲಾ ಹಾಗೇ," ಎಂದರು.

ಮಾವನವರು ತಮ್ಮ ಸರದಿಗಾಗಿ ಹಿಂದೆ ನಿಂತು ಕೆಮ್ಮಿದರು.

"ಸ್ವಲ್ಪ ಇರ್ರೀ," ಎಂದರು ಅತ್ತೆ.