ಕತ್ತರಿಯಮ್ಮ ಒಪ್ಪಿಕೊಂಡ ತಪ್ಪು

ಕತ್ತರಿಯಮ್ಮನಿಗೆ ಕರುಣೆ ಎಂಬುದು ಇರಲಿಲ್ಲ. ಮೀನುಬಲೆ ಹೆಣೆಯುವ ಬಲೆಶೆಡ್ಡಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಬೇರೆಯವರ ಗಂಟು ಸರಿಯಿಲ್ಲವೆಂದು ಕಂಡರೆ ಮಾತಿಲ್ಲ ಕತೆಯಿಲ್ಲ, ಕಚಕ್ಕನೆ ಕತ್ತರಿಸಿಬಿಡುತ್ತಿದ್ದಳು. ಆ ಹೆಸರು ಬಂದದ್ದೇ ಹಾಗೆ. ನಲವತ್ತು ವರ್ಷದಲ್ಲಿ ಅವಳ ಕೈ ತಪ್ಪಿದ್ದನ್ನು ಕಂಡವರಿಲ್ಲ.

ಅವಳ ಸೊಸೆ ಶೆಡ್ಡಿಗೆ ಸೇರಿ ಒಂದು ತಿಂಗಳಾಗಿತ್ತು. ಗಂಡ ದೋಣಿಯಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದ. ಅವಳ ದುಡಿಮೆಯಿಲ್ಲದೆ ಮನೆ ನಡೆಯುವಂತಿರಲಿಲ್ಲ. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ದೋಣಿಯ ಯಜಮಾನ ಆ ದಿನ ಹೇಳಬೇಕಿತ್ತು.

ಹಳೇ ಬಂದರು ನೋಡಲು ಬಂದವರ ಬಸ್ಸೂ ಆ ದಿನವೇ ಬರಬೇಕೆ! ಮುನ್ನೂರು ವರ್ಷದ ಉಪ್ಪಿನ ಉಗ್ರಾಣವೇ ಈಗಿನ ಬಲೆಶೆಡ್ಡು. ಕೋಟೆ, ದೀಪಸ್ತಂಭ ಮುಗಿಸಿಕೊಂಡು ಎಲ್ಲರೂ ಒಳಗೆ ನುಗ್ಗಿದರು.

"ಅಜ್ಜೀ, ಸ್ವಲ್ಪ ನಗಿ," ಎಂದು ಕತ್ತರಿಯಮ್ಮನಿಗೆ ಹೇಳಿದಳು ಕ್ಯಾಮೆರಾ ಹಿಡಿದವಳು.

"ನಾನು ನಕ್ಕರೆ ಮೀನು ಬೀಳುತ್ತಾ? ಬೆಳಕು ಬಿಡಮ್ಮ, ಆಚೆ ಸರಿ."

ಕ್ಯಾಮೆರಾಗಳೆಲ್ಲ ಸೊಸೆಯತ್ತ ತಿರುಗಿದವು. ಇನ್ನೊಮ್ಮೆ ತೋರಿಸಿ, ಇನ್ನೂ ಬೇಗ ಹೆಣೆಯಿರಿ ಎಂದರು. ಅವಳೂ ಉಬ್ಬಿದಳು. ಬಲೆಯ ಪ್ರತಿ ಕಣ್ಣಿನೊಳಗೂ ಇಟ್ಟು ಅಳೆಯಬೇಕಾದ ಮರದ ಪಟ್ಟಿ ಮಡಿಲಲ್ಲೇ ಉಳಿಯಿತು. ಆರು ಕಣ್ಣು ಆರು ಅಳತೆಗೆ ಬಂದವು. ಅವಳಿಗೆ ಅದು ಕಂಡದ್ದು ಯಜಮಾನ ಬಂದು ಬಲೆ ಎತ್ತಿ ಹಿಡಿದಾಗಲೇ.

"ಯಾರ ಕೆಲಸ ಇದು? ಒಂದರಲ್ಲಿ ಆನೆ ದಾಟುತ್ತೆ, ಇನ್ನೊಂದರಲ್ಲಿ ಇರುವೆ ಸಿಕ್ಕಿಕೊಳ್ಳುತ್ತೆ!"

ಬಂದವರು ಗೊಳ್ಳೆಂದು ನಕ್ಕರು. ಪಕ್ಕದಲ್ಲೇ ಕೂತಿದ್ದ ಅತ್ತೆ ಎಲ್ಲವನ್ನೂ ನೋಡಿದ್ದಳು. ಇನ್ನು ಮುಗಿಯಿತು ಎಂದು ಸೊಸೆ ತಲೆ ತಗ್ಗಿಸಿದಳು.

"ನಂದು," ಎಂದಳು ಕತ್ತರಿಯಮ್ಮ.

"ನಿಮ್ದಾ? ತಮಾಷೆ ಮಾಡ್ತಿದೀರಾ?"

"ವಯಸ್ಸಾಯ್ತಪ್ಪ, ಕೈ ನಡುಗುತ್ತೆ. ಯಾವತ್ತೂ ಮೊದಲಿನ ಹಾಗೇ ಇರ್ತೀನಾ? ಅದಕ್ಕೇ ಇವಳು ಇರಲಿ ಅಂದದ್ದು."

ಯಜಮಾನ ಅವಳ ಮುಖವನ್ನು ಒಂದು ಗಳಿಗೆ ನೋಡಿದ. "ಸರಿ, ಇರಲಿ. ನಾಳೆಯಿಂದ ಕಾಯಂ," ಎಂದು ಹೊರಟ. ನಲವತ್ತು ವರ್ಷದ ಕೈಯೂ ತಪ್ಪಿತಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಅತ್ತೆ, ಅದು..." ಸೊಸೆ ಬಾಯಿ ತೆರೆದಳು.

"ಬಾಯಿ ಮುಚ್ಚು. ಆರೂ ಕಣ್ಣು ತೆಗಿ, ಪಟ್ಟಿ ಇಟ್ಟು ಹಾಕು."

ಕತ್ತರಿ ಎಂದಿನಂತೆ ಕತ್ತರಿಯಮ್ಮನ ಕೈಗೆ ಬಂದಿತ್ತು. ಒಂದು ಕ್ಷಣ ಹಿಡಿದಿದ್ದು, ತಾನು ಕತ್ತರಿಸದೆ, ಯಾರಿಗೂ ಮುಟ್ಟಲು ಬಿಡದ ಅದನ್ನು ಸೊಸೆಯ ಮಡಿಲಿಗೆ ಹಾಕಿ, ತನ್ನ ಬಲೆಯತ್ತ ತಿರುಗಿದಳು.