ಮಿಸ್ತ್ರಿ ಕಿತ್ತೊಗೆದ ಸುರುಳಿ

ಗೋಪನಕೊಪ್ಪದ ದಾರಿಯಲ್ಲಿ ಅಂಗಡಿಯಿಟ್ಟಿದ್ದ ಮೋಟಾರು ಮಿಸ್ತ್ರಿಯೊಬ್ಬರು ಯಾವ ಗಾಡಿ ಬಂದರೂ ಅಂಗಿಯ ತೋಳು ಮಡಚುತ್ತ, "ಮೊದಲ ಕಸ ತಗೀರಿ, ಆಮ್ಯಾಲ ಕೆಲಸ" ಅನ್ನುತ್ತಿದ್ದರು. ಅಂಗಡಿ ಗುಡಿಸದ ಕೆಲಸಗಾರನಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಲಾರಿಯೊಂದನ್ನು ಬಸ್ಸು ಮಾಡಿ ನಾನು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಧಾರವಾಡದ ಕೋರ್ಟಿಗೆ ಹೊರಟವರೇ ತುಂಬಿದ್ದಾಗ ಇಂಜಿನ್ನಿನ ನೀರಿನ ಪಂಪು ಸೋರತೊಡಗಿತು. ಬಸ್ಸನ್ನು ಮಿಸ್ತ್ರಿಯ ಅಂಗಡಿಯ ಮುಂದೆ ನಿಲ್ಲಿಸಿದೆ. ಅವರು ಪಂಪಿನ ಬೋಲ್ಟು ಬಿಚ್ಚಿದರೆ ಅದರ ಜೊತೆ ಸ್ಪ್ರಿಂಗಿನಂಥ ತಂತಿಯ ಸುರುಳಿಯೂ ಹೊರಬಂತು. "ಕಸ!" ಎಂದು ಕಿತ್ತೊಗೆದರು. ಹೊಸ ಬೋಲ್ಟು ಹಾಕಿ ನೋಡಿದರೆ ತೂತಿನಲ್ಲಿ ಗಡಗಡ ಅಲ್ಲಾಡಿತು.

"ಹನ್ನೊಂದಕ್ಕ ನನ್ನ ಹೊಲದ ಕೇಸಿನ ತಾರೀಖ ಐತ್ರಿ, ಲಗೂ ಮಾಡ್ರಿ!" ಮುದುಕಿಯೊಬ್ಬಳು ಅಳುವುದೊಂದು ಬಾಕಿ.

ಮಿಸ್ತ್ರಿ ಕಸದ ರಾಶಿ ಕೆದಕಿದರು. ಸುರುಳಿಯನ್ನು ಬಿಸಿಲಿಗೆ ಹಿಡಿದವರೇ ಕುಣಿದುಬಿಟ್ಟರು.

"ಡ್ರೈವರ್ ಸಾಹೇಬ್ರ, ಬರ್ರಿ ಇಲ್ಲೆ! ಇದರ ತುದಿ ನೋಡ್ರಿ, ಬೇಕಂತನ ಅಡ್ಡ ಬಗ್ಗಿಸ್ಯಾರ. ಕಸ ಅಲ್ರಿ ಇದು, ತೂತಿನ್ಯಾಗ ಕುಂತು ಬೋಲ್ಟ ಹಿಡಿಯೂ ತಿರುಪಿನ ಥ್ರೆಡ್ಡ ಇದು!"

ಕಬ್ಬಿಣದ ಸರಳಿನ ತುದಿ ಸೀಳಿ, ಆ ಸೀಳಿಗೆ ತಂತಿಯ ಅಡ್ಡ ತುದಿ ಸಿಕ್ಕಿಸಿ, ಬೋಲ್ಟಿನ ತೂತಿಗಿಟ್ಟು ತಿರುಗಿಸಿದರು. ಸುರುಳಿ ಬಿಗಿದು ಸಣ್ಣದಾಗಿ, ಒಂದೊಂದೇ ಸುತ್ತು ಒಳಗಿಳಿಯಿತು. ಬೋಲ್ಟು ಗಟ್ಟಿಯಾಗಿ ಕೂತಿತು, ಸೋರುವುದು ನಿಂತಿತು. ಬಸ್ಸಿನ ತುಂಬ ಕೇಕೆ! ಹನ್ನೊಂದಕ್ಕೆ ಮೊದಲೇ ಮುದುಕಿ ಕೋರ್ಟಿನ ಮೆಟ್ಟಿಲು ಹತ್ತಿದಳು.

ಮರುದಿನ ನಾನು ಹೋದಾಗ ಮಿಸ್ತ್ರಿ ತಾವೇ ಅಂಗಡಿ ಗುಡಿಸುತ್ತಿದ್ದರು. ಕೆಲಸಗಾರ ಕಸಬರಿಗೆಗೆ ಕೈಚಾಚಿದ. ಅವರು ಕೊಡಲಿಲ್ಲ.

"ಬ್ಯಾಡೋ, ನಾನ ನೋಡಿ ಒಗೀತೇನಿ."